ಪಾಸಿಂಗಿಗೆ ಹಾಕಿದ ಟೈರು

ಕಾರಿನ ಪಾಸಿಂಗ್ ಯಾವಾಗ, ಎಲ್ಲಿ ಮಾಡಿಸಬೇಕು ಎಂದು ಜಯಂತ್ ಪ್ರತಿವರ್ಷ ಎಲ್ಲರಿಗಿಂತ ಮೊದಲೇ ವಿಚಾರಿಸಿ ಇಟ್ಟುಕೊಳ್ಳುತ್ತಿದ್ದ. ಬಹರೈನಿನಲ್ಲಿ ಹಳೆಯ ಗಾಡಿಗೆ ವರ್ಷಕ್ಕೊಮ್ಮೆ ಆ ತಪಾಸಣೆ ಆಗದೆ ನೋಂದಣಿ ಮುಂದುವರಿಯುವುದಿಲ್ಲ. ಮುಂಚೆಲ್ಲ ಈಸಾ ಟೌನಿನ ಟ್ರಾಫಿಕ್ ಕಚೇರಿಗೆ ಬೆಳಗ್ಗೆಯೇ ಹೋಗಿ ಸಾಲು ಹಿಡಿಯಬೇಕಿತ್ತು. ಈಗ ಖಾಸಗಿ ಕೇಂದ್ರಗಳೂ ಇವೆ, ಫೋನಿನಲ್ಲೇ ಸಮಯ ಗೊತ್ತುಮಾಡಿಕೊಳ್ಳಬಹುದು. ಆದರೆ ಈ ವರ್ಷ ಮುಹರ್ರಕ್‌ನ ಗೋದಾಮಿನಲ್ಲಿ ಸ್ಟಾಕ್ ಎಣಿಕೆಯ ಕೆಲಸ ಎಳೆದಾಡಿತು. ಸ್ಟೋರ್‌ಕೀಪರ್ ಅವನೇ ಆದ್ದರಿಂದ ರಜೆ ಕೇಳುವ ಧೈರ್ಯ ಬರಲಿಲ್ಲ. ಕೊನೆಗೆ ಸಿಕ್ಕಿದ್ದು ಗುರುವಾರ ಬೆಳಗಿನ ಒಂದು ಸಮಯ. ವಾರಾಂತ್ಯಕ್ಕೆ ನೋಂದಣಿ ಮುಗಿಯುವುದಿತ್ತು.

ಬುಧವಾರ ಸಂಜೆ ಅರಾದ್‌ನ ಮನೆಯ ಕೆಳಗೆ ಅವನು ಕಾರಿನ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದ. ಜೂನ್ ತಿಂಗಳ ಸೆಕೆ, ಸೂರ್ಯ ಮುಳುಗಿದರೂ ಇಂಟರ್‌ಲಾಕ್ ಇಟ್ಟಿಗೆ ಬಿಸಿ ಉಗುಳುತ್ತಿತ್ತು. ಹೆಂಡತಿ ಬೇಬಿ ಮೊಬೈಲಿನ ಬೆಳಕು ಹಿಡಿದು ನಿಂತಿದ್ದಳು.

"ಎಂತ ಹುಡುಕ್ತೀರಿ ಮಾರಾಯ್ರೆ, ಗಾಡಿಗೆ ಜ್ವರ ಬಂದ ಹಾಗೆ? ನಾನು ಥರ್ಮಾಮೀಟರ್ ತರ್ಲಾ?"

"ಸ್ವಲ್ಪ ಈಚೆ ಹಿಡಿ. ಇಲ್ಲಿ, ಚಕ್ರದ ಒಳಗೆ."

ನಾಲ್ಕೂ ಟೈರುಗಳು ಸವೆದು ನುಣುಪಾಗಿದ್ದವು. ಅದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಎಡ ಹಿಂದಿನ ಟೈರಿನ ಒಳಮೈಯಲ್ಲಿತ್ತು. ಬೆರಳಾಡಿಸಿದಾಗ ಅರ್ಧ ಕೋಳಿಮೊಟ್ಟೆ ಹೂತಿಟ್ಟ ಹಾಗೆ ಒಂದು ಉಬ್ಬು ಸಿಕ್ಕಿತು. ಹೊರಗೆ ನಿಂತವರಿಗೆ ಅದು ಕಾಣುವಂತಿರಲಿಲ್ಲ. ಅವನು ಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡ. ಮೊನ್ನೆ ತಾನೇ ಈ ಗಾಡಿಯಲ್ಲಿ ಬೇಬಿಯನ್ನು ಕೂರಿಸಿಕೊಂಡು ಮನಾಮಾದವರೆಗೆ ಹೋಗಿ ಬಂದಿದ್ದ.

ಮರುದಿನ ಬೆಳಗ್ಗೆ ಅವನು ಸಲ್ಮಾಬಾದ್‌ನ ಗ್ಯಾರೇಜಿಗೆ ಹೋದ. ಅಲ್ಲಿನ ಮೇಸ್ತ್ರಿ ಸೇಸಪ್ಪ ಪುತ್ತೂರು ಕಡೆಯವನು, ಊರಿನವರ ಅರ್ಧ ಕಾರುಗಳು ಅವನ ಕೈಯಲ್ಲೇ ಓಡುತ್ತಿದ್ದವು. ಸೇಸಪ್ಪ ಉಬ್ಬನ್ನು ಮುಟ್ಟಿ ನೋಡಿ ಲೊಚಗುಟ್ಟಿದ.

"ಜಯಂತಣ್ಣ, ಒಳಗಿನ ನೂಲು ಕಡ್ದಿದೆ. ಇದರಲ್ಲಿ ಎಂಬತ್ತರ ಮೇಲೆ ಹೋಗ್ಬೇಡಿ. ಈ ಬಿಸಿಲಲ್ಲಿ ಹೊಡೆದೇ ಬಿಡ್ತದೆ. ಪಾಸಿಂಗಲ್ಲಿ ಅವರು ಗಾಡಿ ಮೇಲೆತ್ತಿ ನೋಡ್ತಾರೆ, ಅಲ್ಲೇ ಫೇಲ್."

"ಹೊಸ ಟೈರು ಈಗ ಹಾಕಿ ಕೊಡ್ಲಿಕ್ಕೆ ಆಗ್ತದಾ?"

"ನಿಮ್ಮ ಅಳತೆದು ಶನಿವಾರ ಬರ್ತದೆ. ಈಗ ಸಿಗುವುದು ಹಳೇ ಮಾಲು, ನಾನು ಹಾಕುದಿಲ್ಲ. ಒಂದು ಕೆಲಸ ಮಾಡುವ. ಪಾಸಿಂಗಿಗೆ ಬೇರೆ ನಾಲ್ಕು ಹಾಕಿ ಕಳಿಸ್ತೇನೆ. ಮುಗಿಸಿ ಬನ್ನಿ, ಕಳಚಿ ನಿಮ್ದನ್ನು ಹಾಕುವ. ಶನಿವಾರ ಹೊಸತು."

ಸಲ್ಮಾಬಾದಿನಲ್ಲಿ ಹೀಗೆ ಟೈರು ಎರವಲು ಹಾಕಿ ಪಾಸಿಂಗಿಗೆ ಕಳಿಸುವುದು ಹೊಸತೇನಲ್ಲ. ಗೋದಾಮಿನಲ್ಲಿ ನಗುತ್ತಾ ಈ ಮಾತು ಆಡುವವರನ್ನು ಜಯಂತ್ ಕೇಳಿದ್ದ. ತಾನೂ ಒಂದು ದಿನ ಅವರ ಸಾಲಿನಲ್ಲಿ ನಿಲ್ಲುತ್ತೇನೆಂದು ಅಂದುಕೊಂಡಿರಲಿಲ್ಲ.

"ಅದು ಸರಿಯಾ ಸೇಸಪ್ಪ? ಹಿಡಿದ್ರೆ?"

"ಟೈರಲ್ಲಿ ಹೆಸರು ಬರೆದಿರ್ತದಾ? ನೀವು ಇಷ್ಟು ಹೆದರ್ತೀರಿ ಅಂತಲೇ ನಿಮ್ಗೆ ಬೀಪಿ. ಹೋಗಿ, ಒಳಗೆ ಕೂತು ಚಾ ಕುಡೀರಿ."

ಅವನು ಚಾ ಕುಡಿದ. ಎರಡು ಗುಟುಕಾದ ಮೇಲೂ ಬೇಡವೆಂದು ಹೇಳಬಹುದಿತ್ತು. ಹೊರಗೆ ಬಂದಾಗ ಅವನ ಬಿಳಿ ಕಾರಿನಲ್ಲಿ ಕಪ್ಪಗೆ ಹೊಳೆಯುವ ನಾಲ್ಕು ಟೈರುಗಳಿದ್ದವು. ಅವು ಯಾರವೆಂದು ಅವನು ಕೇಳಲಿಲ್ಲ. ಗ್ಯಾರೇಜಿನವೇ ಇರಬೇಕೆಂದು ತಿಳಿದ.

ತಪಾಸಣಾ ಕೇಂದ್ರದಲ್ಲಿ ಕೀಲಿ ಕೊಟ್ಟು ಗಾಜಿನ ಈಚೆ ಕೂತಾಗ ಬೆನ್ನಿಗೆ ಏಸಿಯ ಗಾಳಿ ತಾಗುತ್ತಿದ್ದರೂ ಅಂಗೈ ಬೆವರುತ್ತಿತ್ತು. ಬ್ರೇಕು, ದೀಪ, ಹೊಗೆ ನೋಡಿ ಗಾಡಿ ಮೇಲೇರಿತು, ಇಳಿಯಿತು. ಯಾರೂ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಫೋನಿಗೆ ಸಂದೇಶ ಬಂತು: ಪಾಸ್. ಅಲ್ಲೇ ಕೂತು ನೋಂದಣಿಯನ್ನೂ ಮುಗಿಸಿದ. ಬೇಬಿಗೆ ಫೋನ್ ಮಾಡಿದ.

"ಆಯ್ತಾ? ದೇವ್ರೇ. ಇನ್ನಾದ್ರೂ ಇವತ್ತು ಎರಡು ತುತ್ತು ಸರಿಯಾಗಿ ಉಣ್ಣಿ," ಎಂದಳು ಅವಳು.

ಗ್ಯಾರೇಜಿಗೆ ಹಿಂತಿರುಗಿದಾಗ ಸೇಸಪ್ಪ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಫೋನ್, ಮುಖದಲ್ಲಿ ಬಣ್ಣವಿಲ್ಲ. ಜಯಂತ್ ಗಾಡಿಯಿಂದ ಇಳಿಯುವ ಮೊದಲೇ ಅವನು ಕಿಟಕಿಗೆ ಬಾಗಿದ.

"ಜಯಂತಣ್ಣ, ಒಂದು ಎಡವಟ್ಟಾಯ್ತು. ನಿಮ್ಮ ಟೈರು ಹೋಯ್ತು."

"ಹೋಯ್ತು ಅಂದ್ರೆ?"

ಸೇಸಪ್ಪ ಹೇಳಿದ್ದು ಇಷ್ಟು. ಜಯಂತನ ಕಾರಿನಂಥದ್ದೇ ಇನ್ನೊಂದು ಬಿಳಿ ಕಾರು ಏಸಿ ರಿಪೇರಿಗೆ ಬಂದು ನಿಂತಿತ್ತು. ಅದರ ಚಕ್ರಗಳನ್ನೇ ಕಳಚಿ ಇವನ ಕಾರಿಗೆ ಹಾಕಿದ್ದ. ಆ ಕಾರು ಚಕ್ರವಿಲ್ಲದೆ ನಿಂತರೆ ದಾರಿಗೆ ಅಡ್ಡ, ಆದ್ದರಿಂದ ಇವನ ಹಳೆಯ ಚಕ್ರಗಳನ್ನು ಅದಕ್ಕೆ ಹಾಕಿಟ್ಟಿದ್ದ. ಸಂಜೆ ಬರುತ್ತೇವೆ ಎಂದಿದ್ದ ಮಾಲೀಕರು ಮಧ್ಯಾಹ್ನಕ್ಕೇ ಬಂದರು. ಸೇಸಪ್ಪ ಸಾಮಾನು ತರಲು ಹೋಗಿದ್ದ. ಚಕ್ರದ ವಿಷಯ ಗೊತ್ತಿಲ್ಲದ ಕೆಲಸದ ಹುಡುಗ ಏಸಿ ತಣ್ಣಗೆ ಬರುವುದನ್ನು ತೋರಿಸಿ ಕೀಲಿ ಕೊಟ್ಟು ಕಳಿಸಿಬಿಟ್ಟಿದ್ದ.

"ಯಾರವರು?"

"ಜುಫೈರಿನವರು. ಗಿರಿಧರ್ ಅಂತ, ದಾವಣಗೆರೆ ಕಡೆ, ಬ್ಯಾಂಕಿನಲ್ಲಿ. ಹೆಂಡತಿ, ಚಿಕ್ಕ ಮಗಳು. ನಾಳೆ ಶುಕ್ರವಾರ ರಜೆ ಅಲ್ವಾ, ಸೌದಿಗೆ ಹೋಗ್ಲಿಕ್ಕುಂಟು ಅಂತ ಅರ್ಜೆಂಟ್ ಮಾಡಿದ್ರಂತೆ."

ಸೌದಿಗೆ ಎಂದರೆ ಕಾಸ್‌ವೇ. ಸಮುದ್ರದ ಮೇಲೆ ನೇರ, ಉದ್ದ, ಖಾಲಿ ಸೇತುವೆ. ಅಲ್ಲಿ ಎಂಬತ್ತರಲ್ಲಿ ಯಾರೂ ಹೋಗುವುದಿಲ್ಲ.

"ಫೋನ್ ಮಾಡು!"

"ಮಾಡ್ತಾ ಇದ್ದೇನೆ. ರಿಂಗ್ ಆಗ್ತದೆ, ಕಟ್ ಮಾಡ್ತಾರೆ." ಸೇಸಪ್ಪ ದನಿ ತಗ್ಗಿಸಿದ. "ಅಣ್ಣ, ಕೇಳಿ. ಶನಿವಾರ ಅವರು ವಾಪಸ್ ಬರ್ತಾರೆ. ಬಂದಾಗ ಸರ್ವಿಸ್ ಅಂತ ಕರ್ಸಿ ಬದಲಾಯಿಸಿದ್ರೆ ಯಾರಿಗೂ ಗೊತ್ತಾಗುದಿಲ್ಲ. ಏನೂ ಆಗ್ಲಿಕ್ಕಿಲ್ಲ. ಹೇಳ್ಲಿಕ್ಕೆ ಹೋದ್ರೆ ನನ್ನ ಗ್ಯಾರೇಜೂ ಹೋಯ್ತು, ನಿಮ್ಮ ಪಾಸಿಂಗೂ ಹೋಯ್ತು. ಪೊಲೀಸ್ ಕೇಸ್ ಆದ್ರೆ ವೀಸಾಕ್ಕೂ ತೊಂದ್ರೆ."

"ಈ ಬಿಸಿಲಲ್ಲಿ ಹೊಡೆದೇ ಬಿಡ್ತದೆ ಅಂದವ ನೀನೇ ಅಲ್ವಾ, ಬೆಳಗ್ಗೆ?"

ಸೇಸಪ್ಪ ಇನ್ನೊಮ್ಮೆ ಫೋನ್ ಒತ್ತಿ ಕಿವಿಗಿಟ್ಟುಕೊಂಡ.

ಅವರು ಹೊರಟು ಎಷ್ಟು ಹೊತ್ತಾಯಿತೆಂದು ಜಯಂತ್ ಕೇಳಿದ. ಸ್ವಲ್ಪ ಹೊತ್ತು ಅಷ್ಟೇ, ಪೆಟ್ರೋಲ್ ಹಾಕಿಸಿಕೊಳ್ಳಬೇಕು ಎನ್ನುತ್ತಿದ್ದರಂತೆ. ಜಯಂತ್ ಗಿರಿಧರನ ಫೋನ್ ನಂಬರನ್ನೂ ಕಾರಿನ ನಂಬರನ್ನೂ ಬರೆಸಿಕೊಂಡು ಗಾಡಿ ತಿರುಗಿಸಿದ. ಹಿಂದೆ ಸೇಸಪ್ಪ ಏನೋ ಕೂಗಿದ, ಕೇಳಿಸಲಿಲ್ಲ.

ಹೈವೇಗೆ ಸೇರುವ ಮೊದಲು ಬದಿಗೆ ನಿಲ್ಲಿಸಿ ಫೋನ್ ಮಾಡಿದ. ಎರಡು ಸಲ ರಿಂಗ್ ಆಗಿ ಕಟ್ಟಾಯಿತು. ಮತ್ತೆ ಮಾಡಿದ, ಮತ್ತೆ ಕಟ್ಟು. ಸಂದೇಶ ಬರೆಯಲು ಕೂತ. "ನಿಮ್ಮ ಕಾರಿನ ಎಡ ಹಿಂದಿನ ಟೈರು ಒಡೆಯುವ ಸ್ಥಿತಿಯಲ್ಲಿದೆ, ದಯವಿಟ್ಟು ನಿಲ್ಲಿಸಿ" ಎಂದು ಬರೆದು ಬೆರಳು ತಡೆದ. ಬರೆದದ್ದು ಸಾಕ್ಷಿಯಾಗಿ ಉಳಿಯುತ್ತದೆ. ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ? ಮಂಗಳೂರಿನಲ್ಲಿ ಹಗಲು ಅಂಗಡಿ ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು ಅವನು. ಸಹಿ ಹಾಕುವ ಮೊದಲು ಮೂರು ಸಲ ಓದುವುದು ಅವನಿಗೆ ಅಭ್ಯಾಸ. ಈ ಸಲ ಒಮ್ಮೆಯೂ ಓದದೆ ಕಳಿಸಿದ. ಸಂದೇಶ ತಲುಪಿತು. ಯಾರೂ ತೆರೆದು ನೋಡಲಿಲ್ಲ.

ಜಸ್ರಾ ದಾಟಿ ಟೋಲಿಗೆ ಬಂದ. ಅವನ ಹತ್ತಿರ ಸೌದಿ ವೀಸಾ ಇರಲಿಲ್ಲ. ಆದರೆ ಸೇತುವೆಯ ನಡುವಿನ ದ್ವೀಪದವರೆಗೆ ಹೋಗಬಹುದು, ಪಾಸ್‌ಪೋರ್ಟ್ ನೋಡುವ ಕಟ್ಟೆಗಳಿಗೆ ಮೊದಲೇ ಹಿಂತಿರುಗುವ ದಾರಿಯಿದೆ ಎಂದು ಗೊತ್ತಿತ್ತು. ಅಷ್ಟರೊಳಗೆ ಅವರು ಸಿಗದಿದ್ದರೆ ಮುಗಿಯಿತು.

ಸೇತುವೆ ಏರಿದ ಕೂಡಲೇ ಎರಡೂ ಬದಿಗೆ ನೀರು. ಬಿಸಿಲಿಗೆ ನೀರಿನ ಬಣ್ಣವೇ ಹೋಗಿತ್ತು. ಮುಂದಿನ ರಸ್ತೆ ಕರಗಿದ ಹಾಗೆ ನಡುಗುತ್ತಿತ್ತು. ಅವನು ನೂರು ದಾಟಿಸಿದ. ಜೀವಮಾನದಲ್ಲಿ ಅಷ್ಟು ವೇಗ ಹೋದವನಲ್ಲ. ಅವನ ಕೆಳಗೆ ಟೈರುಗಳು ಸದ್ದಿಲ್ಲದೆ, ನೆಲ ಕಚ್ಚಿಕೊಂಡು ಓಡುತ್ತಿದ್ದವು. ತನ್ನನ್ನು ಹೊತ್ತುಕೊಂಡು ಹೋಗುತ್ತಿರುವುದು ಆ ಮಗುವಿನ ಟೈರು. ಆ ಮಗು ಕೂತಿರುವುದು ತನ್ನ ಟೈರಿನ ಮೇಲೆ.

ರಸ್ತೆಯ ಬದಿಯಲ್ಲಿ ಕರಿಯ ಪಟ್ಟಿಯೊಂದು ಬಿದ್ದಿತ್ತು. ಟೈರಿನ ಚಿಂದಿ. ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಳೆಯದು, ಲಾರಿಯದು, ಅಗಲ ಜಾಸ್ತಿ ಎಂದು ತನಗೆ ತಾನೇ ಹೇಳಿಕೊಂಡ. ಇನ್ನಷ್ಟು ಮುಂದೆ ಬಿಳಿ ಕಾರೊಂದು ಕಂಬಿಗೆ ತಾಗಿಕೊಂಡಂತೆ ನಿಂತಿತ್ತು, ಬಾನೆಟ್ ಎತ್ತಿತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ. ಅವನು ಉಸಿರು ಹಿಡಿದು ನಂಬರ್ ಓದಿದ. ಬೇರೆ. ಗಾಡಿಯೂ ಬೇರೆ. ಮುಂದೆ ದೂರದಲ್ಲಿ ಆಂಬುಲೆನ್ಸಿನಂಥ ದೀಪ ಕಂಡಿತು. ಹತ್ತಿರ ಬಂದಾಗ ಅದು ರಸ್ತೆ ಕೆಲಸದ ಗಾಡಿ.

ದ್ವೀಪಕ್ಕೆ ಬಂದಾಗ ಗಾಡಿಗಳ ಸಾಲು ದೂರದವರೆಗೆ ನಿಂತಿತ್ತು. ಶುಕ್ರವಾರ, ಶನಿವಾರದ ರಜೆಗೆ ಎಲ್ಲರೂ ಹೊರಟಿದ್ದರಲ್ಲ. ಅಷ್ಟೊಂದು ಜನ ಸಿಕ್ಕಿಹಾಕಿಕೊಂಡದ್ದನ್ನು ಕಂಡು ಅವನಿಗೆ ಅಳು ಬರುವಷ್ಟು ಸಮಾಧಾನವಾಯಿತು. ಕಾಫಿ ಅಂಗಡಿಗಳ ಕಡೆ ಕಾರು ತಿರುಗಿಸಿ ನಿಲ್ಲಿಸಿ ಇಳಿದು ಸಾಲಿನ ಉದ್ದಕ್ಕೂ ಓಡಿದ. ಜನ ಕಿಟಕಿಯೊಳಗಿಂದ ನೋಡಿದರು. ಒಂದು ಬಿಳಿ ಕಾರು, ಇನ್ನೊಂದು ಬಿಳಿ ಕಾರು. ಆಮೇಲೆ ಆ ನಂಬರು.

ಅದು ಸಾಲಿನಲ್ಲಿರಲಿಲ್ಲ. ಪಕ್ಕದ ಜಾಗದಲ್ಲಿ ನಿಂತಿತ್ತು. ಹಿಂದಿನ ಸೀಟಿನ ಬಾಗಿಲು ತೆರೆದು ಹೆಂಗಸೊಬ್ಬಳು ಮಗುವಿಗೆ ನೀರು ಕುಡಿಸುತ್ತಿದ್ದಳು. ಮಗುವಿನ ಕೈಯಲ್ಲಿ ಫೋನಿತ್ತು, ಕಾರ್ಟೂನ್ ಓಡುತ್ತಿತ್ತು.

"ನೀವು ಗಿರಿಧರ್ ಅವರ ಮನೆಯವರಾ?"

ಹೆಂಗಸು ಬೆಚ್ಚಿ ನೋಡಿದಳು. ಬೆವರಿ ಒದ್ದೆಯಾದ, ಏದುಸಿರು ಬಿಡುವ ಅಪರಿಚಿತ. "ಗಿರೀ!" ಎಂದು ಕೂಗಿದಳು. ಸೌದಿಗೆ ಬೇಕಾದ ಇನ್ಶೂರೆನ್ಸಿನ ಕೌಂಟರಿನ ಕಡೆಯಿಂದ ಎತ್ತರದ ಗಂಡಸು ಕೈಯಲ್ಲಿ ಕಾಗದ ಹಿಡಿದು ಬೇಗ ಬೇಗ ಬಂದ.

"ಯಾರ್ರೀ ನೀವು?"

"ಸರ್, ನಿಮ್ಮ ಟೈರು... ಇದು ನಿಮ್ಮ ಟೈರಲ್ಲ. ನನ್ನದು. ನಿಮ್ಮದು ನನ್ನ ಗಾಡಿಯಲ್ಲಿದೆ."

"ಏನು?"

ಅವನು ಹೇಳಿದ. ಮೊದಲು ತಲೆಬುಡವಿಲ್ಲದೆ, ಆಮೇಲೆ ಮೊದಲಿಂದ. ಗಿರಿಧರ್ ನಂಬಲಿಲ್ಲ. ಜಯಂತ್ ಮಂಡಿಯೂರಿ ಕೂತು ಎಡ ಹಿಂದಿನ ಚಕ್ರದ ಒಳಗೆ ಕೈ ಹಾಕಿದ. ಉಬ್ಬು ಬೆಳಗಿಗಿಂತ ದೊಡ್ಡದಾಗಿತ್ತು, ಮುಟ್ಟಲಾರದಷ್ಟು ಬಿಸಿಯಾಗಿತ್ತು.

"ಇಲ್ಲಿ ನೋಡಿ ಸರ್. ಕೈ ಹಾಕಿ."

ಗಿರಿಧರ್ ಕೈ ಹಾಕಿದ. ಆಮೇಲೆ ನಿಧಾನಕ್ಕೆ ಎದ್ದು ನಿಂತ. "ನೂರಾ ಹತ್ತರಲ್ಲಿ ಬಂದೆ ನಾನು," ಎಂದ. "ಶ್ರೀಜಾ, ಮಗೂನ ಕೆಳಗಿಳಿಸು. ಗಾಡಿಯಿಂದ ದೂರ ನಿಂತ್ಕೋ."

"ಫೋನ್ ಎಷ್ಟು ಸಲ ಮಾಡಿದೆ ಸರ್, ಕಟ್ಟಾಗ್ತಿತ್ತು."

"ಇವಳೇ ಕಟ್ ಮಾಡಿರ್ತಾಳೆ, ಕಾರ್ಟೂನ್ ನಿಲ್ಲುತ್ತಲ್ಲ," ಎಂದಳು ಶ್ರೀಜಾ. ಅವಳ ತುಟಿ ಬಿಳಿಚಿಕೊಂಡಿತ್ತು. "ನಿಮಗೆ ಮನೇಲಿ ಯಾರೂ ಇಲ್ವೇನ್ರೀ? ಈ ಟೈರು ಬೇರೆಯವರ ಗಾಡಿಗೆ ಹಾಕಿಸೋಕೆ ಮನಸ್ಸಾದ್ರೂ ಹೇಗೆ ಬಂತು?"

"ಬೇರೆಯವರ ಗಾಡಿಗೆ ಹಾಕ್ತಾರೆ ಅಂತ ಗೊತ್ತಿರಲಿಲ್ಲ ಮೇಡಂ."

"ಟೈರು ಎರವಲು ಹಾಕಿ ಪಾಸ್ ಮಾಡಿಸ್ತೀರಿ ಅಂತ ಗೊತ್ತಿತ್ತಲ್ಲ?" ಎಂದ ಗಿರಿಧರ್.

"ಗೊತ್ತಿತ್ತು ಸರ್."

ಗಿರಿಧರ್ ಉಬ್ಬಿನ ಫೋಟೋ ತೆಗೆದ, ಕಾರಿನದ್ದು ತೆಗೆದ, ಜಯಂತನ ಗುರುತಿನ ಚೀಟಿಯಾದ ಸಿಪಿಆರ್ ಕಾರ್ಡನ್ನು ಇಸಿದುಕೊಂಡು ಅದರದ್ದೂ ತೆಗೆದ. "ಚಕ್ರ ಬಿಚ್ಚಿ. ನನ್ನದು ನನಗೆ ಬೇಕು. ಮಿಕ್ಕಿದ್ದು ವಾಪಸ್ ಬಂದ್ಮೇಲೆ ನೋಡ್ಕೋತೀನಿ."

ಜಯಂತ್ ತನ್ನ ಗಾಡಿಯನ್ನು ಅದರ ಪಕ್ಕಕ್ಕೆ ತಂದು ನಿಲ್ಲಿಸಿದ. ಎರಡೂ ಗಾಡಿಯ ಜಾಕುಗಳನ್ನು ಹೊರತೆಗೆದ. ಒಂದೊಂದೇ ಮೂಲೆ ಎತ್ತಿ ಚಕ್ರ ಕಳಚಿ ಅದಲು ಬದಲು ಮಾಡತೊಡಗಿದ. ಸ್ಪ್ಯಾನರಿನ ಕಬ್ಬಿಣ ಅಂಗೈ ಸುಡುತ್ತಿತ್ತು. ಗಿರಿಧರ್ ಸ್ವಲ್ಪ ಹೊತ್ತು ಕೈಕಟ್ಟಿ ನಿಂತಿದ್ದ. ಮೂರನೆಯ ಚಕ್ರದ ಹೊತ್ತಿಗೆ ತಾಳಲಾರದೆ ಅಂಗಿಯ ತೋಳು ಮಡಚಿ ಬಂದು ನಟ್ಟು ಬಿಗಿದ. ಪ್ರತಿ ನಟ್ಟನ್ನೂ ಜಯಂತ್ ಬಿಗಿದ ಮೇಲೆ ತಾನೊಮ್ಮೆ ಬಿಗಿದು ನೋಡಿದ.

ಕೊನೆಯ ಚಕ್ರ ಕೂರಿಸುವಾಗ ಒಬ್ಬ ಪೊಲೀಸ್ ಬಂದು ನಿಂತ. ಚಿಕ್ಕ ವಯಸ್ಸಿನವನು. ಏನು ತೊಂದರೆ ಎಂದು ಅರಬ್ಬಿಯಲ್ಲಿ, ಆಮೇಲೆ ಹಿಂದಿಯಲ್ಲಿ ಕೇಳಿದ.

ಜಯಂತನ ಕೈಯಿಂದ ಸ್ಪ್ಯಾನರ್ ಜಾರಿ ಕೆಳಗೆ ಬಿತ್ತು. ಗಿರಿಧರ್ ಅವನ ಕಡೆ ನೋಡಿದ, ಹೆಂಡತಿ ಮಗಳ ಕಡೆ ನೋಡಿದ.

"ಪಂಕ್ಚರ್," ಎಂದ ಗಿರಿಧರ್. "ಇವರು ಸಹಾಯ ಮಾಡ್ತಿದ್ದಾರೆ."

ಪೊಲೀಸ್ ಬೇಗ ಮುಗಿಸಿ ಎಂದು ಕೈಸನ್ನೆ ಮಾಡಿ ಮುಂದೆ ಹೋದ.

"ತುಂಬ ಉಪಕಾರ ಆಯ್ತು ಸರ್."

"ನಿಮಗೋಸ್ಕರ ಹೇಳಿದ್ದಲ್ಲ. ಈಗ ಸ್ಟೇಟ್‌ಮೆಂಟು ಗೀಟ್‌ಮೆಂಟು ಅಂತ ನಾವಿಲ್ಲಿ ಒಣಗಬೇಕಾಗ್ತಿತ್ತು." ಗಿರಿಧರ್ ಕೈ ಒರೆಸಿಕೊಂಡ. "ನಿಮ್ಮ ಹತ್ರ ಸ್ಟೆಪ್ನಿ ಇದೆಯೇನ್ರೀ?"

"ಅದೂ ಪಂಕ್ಚರ್ ಆಗಿ ಗ್ಯಾರೇಜಿನಲ್ಲೇ ಇದೆ ಸರ್."

"ನಮ್ಮದು ಕೊಡೋಣ್ವಾ?" ಎಂದಳು ಶ್ರೀಜಾ, ಮನಸ್ಸಿಲ್ಲದೆ.

"ಮುಂದೆ ಮರಳುಗಾಡಿನಲ್ಲಿ ನಮಗೇ ಬೇಕಾದ್ರೆ?" ಗಿರಿಧರ್ ಡಿಕ್ಕಿ ಮುಚ್ಚಿದ. ಕಾರಿಗೆ ಹತ್ತುವ ಮೊದಲು ಒಮ್ಮೆ ತಿರುಗಿದ. "ಇದರಲ್ಲಿ ವಾಪಸ್ ಓಡಿಸ್ಬೇಡಿ. ಕೇಳಿಸ್ತಾ?"

ಅವರು ಹೋಗಿ ಸಾಲಿನ ತುದಿಗೆ ಸೇರಿಕೊಂಡರು. ಅವರ ಗಾಡಿ ಒಂದೊಂದು ಗಾಡಿಯಷ್ಟೇ ಮುಂದೆ ಸರಿದು ಬೇರೆ ಬಿಳಿ ಕಾರುಗಳೊಳಗೆ ಕಾಣದಾಯಿತು.

ಜಯಂತ್ ತನ್ನ ಕಾರಿನೊಳಗೆ ಕೂತ. ಅವರಿಗೆ ಏನೂ ಆಗಲಿಲ್ಲ. ಬೆಳಗಿನಿಂದ ಎದೆಯಲ್ಲಿದ್ದ ಕಲ್ಲು ಇಳಿಯಬೇಕಿತ್ತು, ಇಳಿಯಲಿಲ್ಲ. ಎದುರಿಗೆ ಹಿಂತಿರುಗುವ ದಾರಿ, ಅದರಾಚೆ ಸಮುದ್ರದ ಮೇಲೆ ಸೇತುವೆ. ನಿಧಾನಕ್ಕೆ, ಬಲಬದಿಯಲ್ಲಿ, ನಾಲ್ಕೂ ದೀಪ ಮಿಣುಕಿಸುತ್ತಾ ಹೋದರೆ ಮನೆ ಸೇರಬಹುದು. ಸೇರದೆಯೂ ಇರಬಹುದು. ಟೈರು ಒಡೆದರೆ ಗಾಡಿ ಎಡಕ್ಕೆ ಎಳೆಯುತ್ತದೋ ಬಲಕ್ಕೋ? ಎಡಕ್ಕೆ ಎಳೆದರೆ ಪಕ್ಕದಲ್ಲಿ ಯಾರ ಗಾಡಿ ಇರುತ್ತದೆ? ಅದರ ಹಿಂದಿನ ಸೀಟಿನಲ್ಲಿ ಯಾರು ಕೂತಿರುತ್ತಾರೆ?

ಬೇಬಿಯ ಫೋನ್ ಬಂತು. "ಎಲ್ಲಿದ್ದೀರಿ? ಊಟ ತಣ್ಣಗಾಯ್ತು."

"ಸ್ವಲ್ಪ ತಡ ಆಗ್ತದೆ. ನೀನು ಊಟ ಮಾಡು."

"ಎಂತ, ದನಿ ಹೀಗುಂಟು? ಪಾಸಾಯ್ತಲ್ಲ?"

"ಪಾಸಾಯ್ತು," ಎಂದ. ಫೋನ್ ಇಟ್ಟ.

ಅದೇ ಪೊಲೀಸ್ ಮತ್ತೆ ಬಂದು ಗಾಜು ತಟ್ಟಿದ. ಪಂಕ್ಚರ್ ಮುಗಿಯಿತಲ್ಲ, ಇನ್ನೂ ಯಾಕೆ ಇಲ್ಲಿ? ಗಾಡಿಯ ಕಾಗದ ತೋರಿಸು ಎಂದ. ಜಯಂತ್ ಫೋನಿನಲ್ಲಿ ನೋಂದಣಿ ತೆರೆದು ಚಾಚಿದ. ಪೊಲೀಸ್ ನೋಡಿ ಹುಬ್ಬೇರಿಸಿ ನಕ್ಕ.

"ಇವತ್ತೇ ಪಾಸಿಂಗ್? ಮಾಷಾ ಅಲ್ಲಾಹ್. ಗಾಡಿ ಚೆನ್ನಾಗಿದೆ. ಹೊರಡು, ಹೊರಡು."

ಜಯಂತ್ ಕೀಲಿಗೆ ಕೈ ಹಾಕಿದ. ಇಂಜಿನ್ ಶುರುವಾಯಿತು. ಪೊಲೀಸ್ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ. ಬ್ರೇಕಿನಿಂದ ಕಾಲು ತೆಗೆದರೆ ಸಾಕು, ಗಾಡಿ ಹೊರಡುತ್ತಿತ್ತು. ಅವನ ಕಾಲು ಬ್ರೇಕಿನ ಮೇಲೆ ಮರಗಟ್ಟಿತ್ತು.

ಇಂಜಿನ್ ಆರಿಸಿ ಕೆಳಗಿಳಿದ.

"ಸರ್, ಈ ಟೈರಿನಲ್ಲಿ ಹೋಗಲಿಕ್ಕಾಗುವುದಿಲ್ಲ," ಎಂದು ಹಿಂದಿಯಲ್ಲಿ ಹೇಳಿ ಎಡ ಹಿಂದಿನ ಚಕ್ರದ ಹತ್ತಿರ ಕೂತ. ಪೊಲೀಸ್ ಬಗ್ಗಿ ಟಾರ್ಚ್ ಹಾಕಿದ. ನಗು ಹೋಯಿತು. ಉಳಿದ ಮೂರು ಟೈರುಗಳ ಸುತ್ತ ಒಮ್ಮೆ ನಡೆದು ಬಂದ.

"ಇದನ್ನು ಪಾಸ್ ಮಾಡಿದವರು ಯಾರು? ಯಾವ ಸೆಂಟರ್? ಹೆಸರು ಹೇಳು." ಅವನು ಸೊಂಟದಿಂದ ವಾಕಿಟಾಕಿ ತೆಗೆದ. "ಕುರುಡರಾ ಅವರು?"

ಸುಮ್ಮನಿದ್ದರೆ ಸಾಕಿತ್ತು. ತಪ್ಪು ಗಾಜಿನ ಆಚೆ ಗಾಡಿ ಎತ್ತಿ ಇಳಿಸಿದ ಯಾರೋ ಒಬ್ಬನ ತಲೆಗೆ ಹೋಗುತ್ತಿತ್ತು. ಆ ಮನುಷ್ಯನ ಮುಖ ಕೂಡ ನೆನಪಿಗೆ ಬರಲಿಲ್ಲ. ಅವನಿಗೂ ಎಲ್ಲೋ ಊಟಕ್ಕೆ ಕಾಯುವವರು ಇರಬೇಕು.

"ಅವರು ನೋಡಿದ್ದು ಬೇರೆ ಟೈರು ಸರ್," ಎಂದ. "ನಾನೇ ಬೇರೆ ಹಾಕಿಸಿಕೊಂಡು ಹೋಗಿದ್ದೆ."

ಪೊಲೀಸ್ ವಾಕಿಟಾಕಿಯನ್ನು ಬಾಯಿಯ ಹತ್ತಿರ ಹಿಡಿದವನು ಹಾಗೆಯೇ ನಿಂತ. ಅರ್ಥವಾಗಲಿಲ್ಲವೇನೋ ಎಂದು ಜಯಂತ್ ಇನ್ನೊಮ್ಮೆ, ನಿಧಾನವಾಗಿ, ತನಗೆ ಗೊತ್ತಿದ್ದ ಅರಬ್ಬಿಯಲ್ಲಿ ಹೇಳಿದ. ಪೊಲೀಸ್ ಅವನ ಸಿಪಿಆರ್ ಕಾರ್ಡು ಕೇಳಿದ, ಕಾರಿನ ಕೀಲಿ ಕೇಳಿದ. ಎರಡನ್ನೂ ಕೊಟ್ಟ.

"ಅಲ್ಲಿ ಕೂತ್ಕೋ," ಎಂದು ಪೊಲೀಸ್ ತನ್ನ ಗಾಡಿ ತೋರಿಸಿದ. "ದೊಡ್ಡವರು ಬರ್ತಾರೆ. ಎಲ್ಲಾ ಮೊದಲಿಂದ ಹೇಳ್ಬೇಕು."

ಪೊಲೀಸ್ ಗಾಡಿಯ ಹಿಂದಿನ ಸೀಟು ಐಸಿನಷ್ಟು ತಣ್ಣಗಿತ್ತು. ಜಯಂತ್ ಗ್ರೀಸ್ ಹತ್ತಿದ ಕೈಗಳನ್ನು ಸೀಟಿಗೆ ತಾಗದಂತೆ ಮಡಿಲಲ್ಲಿಟ್ಟುಕೊಂಡು ಕೂತ. ಮೊದಲಿಂದ ಹೇಳಬೇಕು. ಸೇಸಪ್ಪನ ಹೆಸರು ಹೇಳಬೇಕೋ ಬೇಡವೋ ಎಂಬಲ್ಲಿಗೆ ಬಂದು ಅವನ ಲೆಕ್ಕ ನಿಂತುಬಿಟ್ಟಿತು. ಹೊರಗೆ ಪೊಲೀಸ್ ಯಾರೊಡನೆಯೋ ಮಾತಾಡುತ್ತಾ ಚಕ್ರದ ಕಡೆ ಕೈ ತೋರಿಸುತ್ತಿದ್ದ. ಆಚೆಯಿಂದ ಎತ್ತರದ ಇನ್ನೊಬ್ಬ ಅಧಿಕಾರಿ ಟೋಪಿ ಸರಿಮಾಡಿಕೊಳ್ಳುತ್ತಾ ಇತ್ತಲೇ ನಡೆದು ಬರುತ್ತಿದ್ದ.